ಎರಡು ಕಡಲಿಗೆ ನೀರು ಹಂಚುವ ಊರು

ಧಾರವಾಡಕ್ಕೆ ಹೊಸಬರು ಬಂದರೆ ಹಿರಿಯರು ಉಳವಿ ಬಸಪ್ಪನ ಗುಡಿಯ ಹತ್ತಿರ ನಿಲ್ಲಿಸಿ ಒಂದು ಮಾತು ಹೇಳುತ್ತಾರೆ. ಇಲ್ಲಿಂದ ಮೂಡಣಕ್ಕೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಪಡುವಣಕ್ಕೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ ಸೇರುತ್ತದೆ ಅಂತ. 1978ರಲ್ಲಿ ಲಗ್ನವಾಗಿ ಗದಗದ ಕಡೆಯಿಂದ ಮಾಳಮಡ್ಡಿಗೆ ಬಂದ ನನಗೆ ನಮ್ಮ ಮಾವನವರು ಅದೇ ಜಾಗದಲ್ಲಿ ನಿಂತು ಅದೇ ಮಾತು ಹೇಳಿದ್ದರು. ಸವಳು ನೀರಿನ ಊರಿನಿಂದ ಬಂದವಳು ನಾನು. ಒಂದು ಊರು ಎರಡು ಸಮುದ್ರಕ್ಕೆ ನೀರು ಕೊಡುತ್ತದೆ ಅನ್ನುವುದು ಆಗ ಪವಾಡದಂತೆ ಕೇಳಿಸಿತ್ತು.

ಪವಾಡವೇನೂ ಅಲ್ಲ, ನೆಲದ ಏರಿಳಿತ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ದಿಬ್ಬದ ಮೇಲೆ ನಮ್ಮ ಊರು ಕೂತಿದೆ. ಪೂರ್ವಕ್ಕೆ ಹರಿದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಪಶ್ಚಿಮದ್ದು ಶಾಲ್ಮಲೆಯ ಪಾಲು. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಈ ಹೊಳೆ ಮುಂದೆ ಬೇಡ್ತಿಯಾಗಿ, ಗಂಗಾವಳಿಯಾಗಿ ಉತ್ತರ ಕನ್ನಡದ ಕಾಡು ದಾಟಿ ಕಡಲು ಸೇರುತ್ತದೆ. ಊರಿನ ಹೆಸರಿನ ಮೂಲ ದ್ವಾರವಾಟ ಅಂತ ಬಲ್ಲವರು ಹೇಳುತ್ತಾರೆ, ಅಂದರೆ ಬಾಗಿಲು. ಮಲೆನಾಡಿಗೂ ಎರೆಭೂಮಿಗೂ ನಡುವಿನ ಬಾಗಿಲು.

ಹೀಗಿರುವ ಊರಿನಲ್ಲಿ ಮಳೆ ಬಂದಾಗ ಮನೆಯೊಳಗೆ ನೀರು ನುಗ್ಗುವುದು ಹೇಗೆ? ಹತ್ತು ವರ್ಷದಿಂದ ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು. ದಿಬ್ಬದ ಮೇಲಿನ ಊರಿನಲ್ಲಿ ನೀರು ನಿಲ್ಲಬೇಕಾದರೆ ಅದನ್ನು ಯಾರಾದರೂ ನಿಲ್ಲಿಸಿರಬೇಕು. ಅದೇ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ಊರಿನ ಕಥೆ ಹೇಳುತ್ತೇನೆ.

ಮೊದಲು ಹೆಸರುಗಳನ್ನೇ ನೋಡಿರಿ. ಮಾಳಮಡ್ಡಿ, ಅತ್ತಿಕೊಳ್ಳ, ಸಾಧನಕೇರಿ, ಕೆಲಗೇರಿ, ಕೊಪ್ಪದಕೇರಿ, ನುಗ್ಗೀಕೇರಿ. ಮಡ್ಡಿ ಅಂದರೆ ಎತ್ತರದ ಗಟ್ಟಿ ನೆಲ, ಕೊಳ್ಳ ಅಂದರೆ ನೀರು ಇಳಿಯುವ ತಗ್ಗು, ಕೆರಿ ಅಂದರೆ ನೀರು ನಿಲ್ಲುವ ಜಾಗ. ಹೆಸರಿಟ್ಟವರಿಗೆ ಯಾವ ಎಂಜಿನಿಯರಿಂಗ್ ಡಿಗ್ರಿಯೂ ಇರಲಿಲ್ಲ. ಆದರೆ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅನ್ನುವುದನ್ನು ಹೆಸರಿನಲ್ಲೇ ಬರೆದಿಟ್ಟು ಹೋದರು. ಹೊಸಯಲ್ಲಾಪುರ, ಗುಲಗಂಜಿಕೊಪ್ಪ, ಮಾಳಾಪುರ, ಕಮಲಾಪುರ, ನಾರಾಯಣಪುರ, ಸಪ್ತಾಪುರ, ಮದಿಹಾಳ ಎಲ್ಲ ಒಂದೊಂದು ಹಳ್ಳಿಯಾಗಿದ್ದವು. ನಡುವೆ ಹೊಲ, ಮಾವಿನ ತೋಪು, ಹಳ್ಳ ಇದ್ದವು. ಹಳ್ಳಿಗಳು ಬೆಳೆದು ಒಂದಕ್ಕೊಂದು ಅಂಟಿ ಊರಾಯಿತು. ಅಂಟಿಕೊಂಡ ಜಾಗವೆಲ್ಲ ಹಿಂದೆ ನೀರಿನ ದಾರಿ. ಇವತ್ತು ಮಳೆ ಬಂದಾಗ ಯಾವ ಓಣಿಯಲ್ಲಿ ಮೊಳಕಾಲುಮಟ ನೀರು ನಿಲ್ಲುತ್ತದೋ ಅಲ್ಲಿಯ ಹಿರಿಯರನ್ನು ಕೇಳಿ ನೋಡಿರಿ, ‘ಇಲ್ಲೊಂದು ಹಳ್ಳ ಇತ್ತರೀ’ ಅನ್ನುತ್ತಾರೆ.

ಊರಿನ ಹೆಸರು 12ನೇ ಶತಮಾನದ ಶಾಸನಗಳಲ್ಲೇ ಸಿಗುತ್ತದೆ. ಕೋಟೆ ಇತ್ತು, ಬಾಗಿಲೊಂದು ಇನ್ನೂ ನಿಂತಿದೆ. ಪೇಶವೆಯರ ಕಾಲ ಮುಗಿದು ಇಂಗ್ಲಿಷರು ಬಂದ ಮೇಲೆ ಇದು ಜಿಲ್ಲೆಯ ಕೇಂದ್ರವಾಯಿತು. 1824ರಲ್ಲಿ ಕಿತ್ತೂರಿನ ಮೇಲೆ ದಂಡೆತ್ತಿ ಹೋಗಿ ಸತ್ತ ಥ್ಯಾಕರೆ ಇದೇ ಧಾರವಾಡದ ಕಲೆಕ್ಟರ್. ಆಮೇಲಿನದು ಸಾಲೆಗಳ, ಕಚೇರಿಗಳ ಕಥೆ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಗೆಂದು ಕಟ್ಟಿದ ದೊಡ್ಡ ಕಲ್ಲಿನ ಕಟ್ಟಡ, ಕಚೇರಿ ಮದ್ರಾಸಿಗೆ ಹೋದ ಮೇಲೆ ಖಾಲಿ ಬಿತ್ತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಅದೇ ಮನೆಯಾಯಿತು. ರೈಲಿನವರು ಬಿಟ್ಟುಹೋದದ್ದನ್ನು ಸಾಲಿ ಮಾಡಿಕೊಂಡ ಊರು ನಮ್ಮದು ಅಂತ ನಾನು ಮಕ್ಕಳಿಗೆ ಪಾಠ ಹೇಳುವಾಗ ಹೇಳುತ್ತಿದ್ದೆ. ಆ ಮೇಲೆ ವಿಶ್ವವಿದ್ಯಾಲಯ, 1950ರಲ್ಲಿ ಆಕಾಶವಾಣಿ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2008ರಲ್ಲಿ ಹೈಕೋರ್ಟಿನ ಪೀಠ, 2016ರಲ್ಲಿ ಐಐಟಿ. ಸಂಗೀತ, ಸಾಹಿತ್ಯದ ಮಾತು ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಗಟಾರದ ಮಾತಿಗೆ ಬರುತ್ತೇನೆ.

ಧಾರವಾಡದ ಮುನಸಿಪಾಲಿಟಿ ಆದದ್ದು 1856ರಲ್ಲಿ. ಹುಬ್ಬಳ್ಳಿಯದು ಅದಕ್ಕಿಂತ ತುಸು ಮುಂಚೆ, 1855ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಎರಡೂ ಊರು ತಮ್ಮ ತಮ್ಮ ಗಟಾರ, ದೀಪ, ರಸ್ತೆ ನೋಡಿಕೊಂಡವು. 1962ರಲ್ಲಿ ಎರಡನ್ನೂ ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ನಡುವೆ 20 ಕಿಲೋಮೀಟರ್ ಅಂತರ. ಎರಡು ಊರು ಬೆಳೆದು ನಡುವೆ ಕೂಡುತ್ತವೆ, ಬೆಂಗಳೂರಿಗೆ ಜೋಡಿಯಾಗುವ ನಗರವೊಂದು ಉತ್ತರದಲ್ಲಿ ಎದ್ದು ನಿಲ್ಲುತ್ತದೆ ಅನ್ನುವ ಆಸೆ ಇತ್ತು. ಆ ಆಸೆ ಕೆಟ್ಟದ್ದಾಗಿರಲಿಲ್ಲ. ಮಾವನವರು ಆ ಕಾಲದ ಮಾತು ಬಂದಾಗಲೆಲ್ಲ ಊಟದ ತಾಟಿನ ಮುಂದೆ ಕೂತೇ ಬೆರಳು ಎಣಿಸುತ್ತಿದ್ದರು: ಹುಬ್ಬಳ್ಳಿಗೆ ರೈಲ್ವೆ ವರ್ಕ್‌ಶಾಪ್ ಐತಿ, ಅರಳಿ ಪ್ಯಾಟಿ ಐತಿ, ರೊಕ್ಕ ಐತಿ, ನಮಗ ಸಾಲಿ, ಕೋರ್ಟು, ಕಚೇರಿ, ಎರಡೂ ಕೂಡಿದರ ಪೂರ್ತಿ ಊರು.

ಆದರೆ ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ ಉಳಿಯಿತು, ಕಮಿಷನರ್ ಅಲ್ಲಿ ಕೂತರು. ಜನಸಂಖ್ಯೆ ಅಲ್ಲಿ ಹೆಚ್ಚು, ಹಾಗಾಗಿ ಸದಸ್ಯರೂ ಅಲ್ಲಿಯವರೇ ಹೆಚ್ಚು. ಈಗಿನ 82 ವಾರ್ಡುಗಳಲ್ಲಿ ಧಾರವಾಡದ ಪಾಲು 26. ಕೈ ಎತ್ತಿ ಎಣಿಸುವ ಸಭೆಯಲ್ಲಿ 26 ಕೈ 56 ಕೈಯ ಎದುರು ಏನು ಮಾಡಬಲ್ಲವು? 2016ರಲ್ಲಿ ಅವಳಿ ನಗರ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದಾಗ ನಾವೂ ಸಂಭ್ರಮಪಟ್ಟೆವು. ಪ್ರದೇಶ ಆರಿಸಿ ಅಭಿವೃದ್ಧಿ ಮಾಡುವ ದೊಡ್ಡ ಕೆಲಸಗಳು ಹುಬ್ಬಳ್ಳಿಯ ಪಾಲಾದವು. ತೋಳನಕೆರೆ ಚಂದವಾಯಿತು, ನಾಲೆಯ ದಂಡೆಗೆ ಓಡಾಡುವ ದಾರಿ ಬಂತು. ಹೋಗಿ ನೋಡಿ ಬಂದಿದ್ದೇನೆ, ನಿಜವಾಗಿಯೂ ಚಲೋ ಆಗಿದೆ. ಹುಬ್ಬಳ್ಳಿಯವರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನನ್ನ ಮಗಳನ್ನು ಕೊಟ್ಟದ್ದೇ ಹುಬ್ಬಳ್ಳಿಯ ಉಣಕಲ್ಲಿಗೆ. ಅವಳ ಓಣಿಯಲ್ಲೂ ಗಟಾರ ತುಂಬಿ ಹರಿಯುತ್ತದೆ. ಹುಬ್ಬಳ್ಳಿ ನಮ್ಮದನ್ನು ತಿಂದಿತು ಅನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಸತ್ಯವನ್ನು ನಾವು ಮಾತಾಡುವುದಿಲ್ಲ.

ನಳದ ನೀರಿನ ಸಂಗತಿ ತೆಗೆದುಕೊಳ್ಳಿರಿ. ನಮ್ಮ ದಿಬ್ಬದಿಂದ ಇಳಿದ ಮಳೆನೀರು ಬೆಣ್ಣಿಹಳ್ಳದ ಮೂಲಕ ಮಲಪ್ರಭೆಗೆ ಹೋಗಿ ಸೇರುತ್ತದಲ್ಲ, ಅದೇ ಮಲಪ್ರಭೆಯ ಮೇಲಿನ ಭಾಗದಲ್ಲಿ, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅಲ್ಲಿಂದ ನೀರೆತ್ತಿ, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ, ಪಂಪು ಹಚ್ಚಿ ಮತ್ತೆ ದಿಬ್ಬ ಹತ್ತಿಸಿ ನಮಗೆ ಕೊಡುತ್ತಾರೆ. ಕರೆಂಟು ಹೋದರೆ ನೀರಿಲ್ಲ, ದೊಡ್ಡ ಪೈಪು ಒಡೆದರೆ ನೀರಿಲ್ಲ. 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಕೊಟ್ಟು ತೋರಿಸಿದರು. ಆಗಬಹುದು ಅನ್ನುವುದು ಸಿದ್ಧವಾಯಿತು. ನೋಡಲು ಬೇರೆ ರಾಜ್ಯಗಳಿಂದ ಜನ ಬಂದರು. ಮುಂದಿನ ವಾರ್ಡಿಗೆ ಅದು ದಾಟಬೇಕಾದರೆ ವರ್ಷಗಳೇ ಹಿಡಿದವು. ಒಂದೇ ರಸ್ತೆಯ ಆಚೆ ಬದಿಯವರು ನಳ ತಿರುವಿದಾಗ ನೀರು ಕಾಣುತ್ತಾರೆ, ಈಚೆ ಬದಿಯವರು ವಾರ ಕಾಯುತ್ತಾರೆ. ಇಂಥ ಭೇದ ಒಂದೇ ಊರಿನ ಜನರ ನಡುವೆ ಹದಿನೈದು ವರ್ಷ ಉಳಿಯಬಾರದಿತ್ತು.

ನಮ್ಮ ಓಣಿಗೆ ನೀರು ಬರುವ ರಾತ್ರಿ ಹೇಗಿರುತ್ತದೆ ಅನ್ನುವುದನ್ನು ಹೇಳಲೇಬೇಕು. ದಿನ ಗೊತ್ತಿರುತ್ತದೆ, ಹೊತ್ತು ಗೊತ್ತಿರುವುದಿಲ್ಲ. ಮೊದಲು ನಳದಿಂದ ಗಾಳಿ ಬರುತ್ತದೆ, ಮುದುಕರು ಕೆಮ್ಮಿದ ಹಾಗೆ. ಆ ಸಪ್ಪಳಕ್ಕೇ ನನಗೆ ಎಚ್ಚರ. ಎದುರುಮನೆಯ ಹುಡುಗಿಗೆ ಫೋನಿನಲ್ಲಿ ಒಂದು ರಿಂಗ್ ಕೊಡುತ್ತೇನೆ, ಅವಳು ಪಕ್ಕದವರಿಗೆ ಕೊಡುತ್ತಾಳೆ. ಮೊದಲ ಎರಡು ಕೊಡ ಕೆಂಪು ನೀರು, ಅದು ಗಿಡಕ್ಕೆ. ಆಮೇಲೆ ಸಂಪು, ಬ್ಯಾರಲ್ಲು, ಹಂಡೆ, ಬಕೀಟು, ಕೊನೆಗೆ ಅಡಿಗೆಮನೆಯ ತಂಬಿಗೆ ತನಕ. ಎಪ್ಪತ್ತರ ಹತ್ತಿರದ ನಾನು ಬೆಳಗಿನ ಮೂರಕ್ಕೆ ಪೈಪು ಹಿಡಿದು ನಿಂತಾಗ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ. ನಮ್ಮ ಅತ್ತೆಯವರ ಕಾಲಕ್ಕೆ ಹಿತ್ತಲಲ್ಲಿ ಬಾವಿ ಇತ್ತು. ಗಾಲಿ ಮೇಲೆ ಹಗ್ಗ ಹಾಕಿ ಸೇದಿದರೆ ನೀರು. ಇವತ್ತು ಆ ಬಾವಿಗೆ ಸ್ಲ್ಯಾಬ್ ಹಾಕಿ ಮೇಲೆ ಸ್ಕೂಟರು ನಿಲ್ಲಿಸುತ್ತೇವೆ. ಸ್ಲ್ಯಾಬ್ ಹಾಕಿಸಿದವರು ನಾವೇ. ಈ ಮಾತು ಬರೆಯದೆ ಮುಂದೆ ಹೋದರೆ ಸುಳ್ಳು ಬರೆದಂತೆ.

ಇನ್ನು ರಸ್ತೆ. ಹುಬ್ಬಳ್ಳಿ-ಧಾರವಾಡದ ನಡುವೆ ಬಿಆರ್‌ಟಿಎಸ್ ಆದದ್ದು ಎಲ್ಲರಿಗೂ ಗೊತ್ತು. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಚಿಗರಿ ಬಸ್ಸುಗಳು 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾದವು. ಸುಮಾರು 22 ಕಿಲೋಮೀಟರ್ ಉದ್ದದ ದಾರಿ, ನಡುರಸ್ತೆಯಲ್ಲಿ ಬಸ್ಸಿಗೇ ಮೀಸಲು. ಹೆಸರು ಚಂದ ಇಟ್ಟರು, ಚಿಗರಿಯ ಹಾಗೆಯೇ ಓಡುತ್ತದೆ. ಮೊದಲು ಹುಬ್ಬಳ್ಳಿ ಮುಟ್ಟಲು ತಾಸು ಮೀರುತ್ತಿತ್ತು. ಮಗಳ ಮನೆಗೆ ಈಗ ನಾನು ಒಬ್ಬಳೇ ತಂಪಾಗಿ ಕೂತು ಹೋಗಿ ಬರುತ್ತೇನೆ. ಕಾಲೇಜಿನ ಹುಡುಗಿಯರು, ದವಾಖಾನೆಗೆ ಹೋಗುವವರು, ಕೋರ್ಟಿಗೆ ಬರುವ ಕಕ್ಷಿದಾರರು ಎಲ್ಲರಿಗೂ ಅದು ಆಸರೆ. ಹಾಗಾಗಿ ಬಿಆರ್‌ಟಿಎಸ್ ಪೂರ್ತಿ ಕಿತ್ತು ಹಾಕಿರಿ ಅನ್ನುವವರ ಜೊತೆ ನಾನಿಲ್ಲ.

ಆದರೆ ಆ ರಸ್ತೆ ಮಾಡಲು ಕಡಿದ ಗಿಡಗಳನ್ನು ನಾನು ಮರೆಯಲಾರೆ. ಎರಡೂ ಬದಿಗೆ ಹುಣಸೆ, ಬೇವು, ಆಲ ನಿಂತಿದ್ದ ರಸ್ತೆ ಅದು. ಬ್ಯಾಸಿಗೆಯಲ್ಲೂ ನೆರಳು ಹಿಡಿದು ನಡೆಯಬಹುದಿತ್ತು. ಅವುಗಳ ಬದಲಿಗೆ ಹಚ್ಚಿದ ಗಿಡ ದೊಡ್ಡವಾಗುವ ಹೊತ್ತಿಗೆ ನಾನಿರುವುದಿಲ್ಲ. ಅದಕ್ಕಿಂತ ಹೆಚ್ಚಿನ ತಪ್ಪು ನೀರಿನದು. ಒಂದು ದಿಬ್ಬದ ಮೇಲೆ ಉದ್ದಕ್ಕೆ ಅಗಲವಾದ ಗಟ್ಟಿ ರಸ್ತೆ ಹಾಸಿದರೆ ಅದು ಮಳೆನೀರಿಗೆ ಅಡ್ಡ ಒಡ್ಡು ಕಟ್ಟಿದಂತೆ. ಆಚೆಯಿಂದ ಈಚೆಗೆ ನೀರು ದಾಟಲು ಸಾಕಷ್ಟು ದಾರಿ ಬಿಡಬೇಕಿತ್ತು. ಟೋಲ್‌ನಾಕಾದ ಹತ್ತಿರ ಜೋರು ಮಳೆಯಾದರೆ ರಸ್ತೆಯೇ ಕೆರೆ. ಬೈಕಿನವರು ಇಳಿದು ನೂಕಿಕೊಂಡು ಹೋಗುತ್ತಾರೆ, ಅಂಗಡಿಯವರು ಗೋಣಿಚೀಲದಲ್ಲಿ ಉಸುಕು ತುಂಬಿ ಹೊಸ್ತಿಲಿಗೆ ಒಡ್ಡುತ್ತಾರೆ. ಪ್ರತಿ ಮಳೆಗಾಲದಲ್ಲೂ ಪತ್ರಿಕೆಯಲ್ಲಿ ಅದೇ ಫೋಟೊ. ಈಗ ಈ ಬಸ್ಸು ತೆಗೆದು ಅದಕ್ಕಿಂತ ಹೊಸ ಸಾರಿಗೆ ತರುವ ಮಾತು ಎದ್ದಿದೆ. ಹೊಸದು ಬರಲಿ. ಮೊದಲು ಟೋಲ್‌ನಾಕಾದ ನೀರು ಹೋಗಲಿ.

2019ರ ಮಾರ್ಚ್ 19ರ ಮಧ್ಯಾಹ್ನ ನೆನೆದರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಮೇಲೆ ಕೆಲಸ ನಡೆದಿರುವಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ದಿನಗಟ್ಟಲೆ ಮಣ್ಣು, ಕಲ್ಲು ಸರಿಸಿ ಜೀವ ಇದ್ದವರನ್ನು ಹೊರಗೆ ತೆಗೆದರು. ಊರಿನ ಜನ ರಾತ್ರಿಯೆಲ್ಲ ಅಲ್ಲೇ ನಿಂತಿದ್ದರು, ರೊಟ್ಟಿ, ನೀರು, ಬ್ಯಾಟರಿ ತಂದು ಕೊಟ್ಟರು. ಇದೇ ಜನ, ಆ ಕಟ್ಟಡ ಒಂದೊಂದೇ ಮಹಡಿ ಏರುವಾಗ ದಿನಾ ಅದರ ಮುಂದೆ ಹಾದು ಹೋಗಿದ್ದೆವು. ಇದಕ್ಕೆ ಪರವಾನಗಿ ಎಷ್ಟು ಮಹಡಿಗೆ ಇದೆ ಅಂತ ಕೇಳುವ ಜಾಗ ನಮಗೆ ಗೊತ್ತಿರಲಿಲ್ಲ, ಕೇಳಿದರೆ ಉತ್ತರ ಕೊಡುವವರೂ ಇರಲಿಲ್ಲ.

ಆ ಹೊತ್ತಿನಲ್ಲಿ ಪಾಲಿಕೆಯಲ್ಲಿ ಸದಸ್ಯರೇ ಇಲ್ಲದಂತಾದದ್ದನ್ನು ನೆನಪಿಸಬೇಕು. ಅದೇ ಮಾರ್ಚ್‌ನಲ್ಲಿ ಹಳೆಯ ಸದಸ್ಯರ ಅವಧಿ ಮುಗಿಯಿತು. ವಾರ್ಡುಗಳನ್ನು 67ರಿಂದ 82ಕ್ಕೆ ಏರಿಸುವುದು, ಮೀಸಲಾತಿ, ಕೋರ್ಟು ಅಂತ ಚುನಾವಣೆ ಮುಂದೆ ಮುಂದೆ ಹೋಗಿ 2021ರ ಸೆಪ್ಟೆಂಬರಿನಲ್ಲಿ ಮತದಾನವಾಯಿತು. ಯಾವ ಪಕ್ಷಕ್ಕೂ ಬಹುಮತದ 42 ಸ್ಥಾನ ಬರಲಿಲ್ಲ. ಬಿಜೆಪಿಗೆ 39, ಕಾಂಗ್ರೆಸ್ಸಿಗೆ 33. ಗೆದ್ದವರು ಕೂತು ಮೇಯರ್ ಆರಿಸಿದ್ದು 2022ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿರಿ, ಮೂರು ವರ್ಷಕ್ಕೂ ಮಿಕ್ಕಿ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ನಗರಕ್ಕೆ ಆರಿಸಿ ಬಂದವರ ಆಡಳಿತ ಇರಲಿಲ್ಲ. ನಡುವೆ ಕೊರೊನಾ ಬಂದು ಹೋಯಿತು. ಯಾರ ಮನೆಗೆ ಕಿಟ್ ಬೇಕು, ಯಾರ ಓಣಿಗೆ ನೀರಿಲ್ಲ ಅಂತ ಹೇಳಲು ಕಾರ್ಪೊರೇಟರ್ ಎನ್ನುವ ಮನುಷ್ಯನೇ ಇರಲಿಲ್ಲ. ಶಾಸಕರ ಚುನಾವಣೆ ಹೀಗೆ ಎರಡೂವರೆ ವರ್ಷ ಮುಂದೂಡಿದ್ದರೆ ರಾಜ್ಯವೇ ಹೊತ್ತಿ ಉರಿಯುತ್ತಿತ್ತು. ಊರಿನ ಚುನಾವಣೆ ಮುಂದೂಡಿದರೆ ನಾವು ಸುಮ್ಮನೆ ಇದ್ದೆವು. ನನಗೆ ಎಲ್ಲಕ್ಕಿಂತ ನೋವು ಕೊಡುವ ಸಂಗತಿ ಅದು.

ಆರಿಸಿ ಬಂದರೂ ಮೇಯರ್‌ಗೆ ಸಿಗುವುದು ಒಂದು ವರ್ಷ. ಕುರ್ಚಿಯ ಗಾಲಿ ಯಾವ ಕಡೆ ತಿರುಗುತ್ತದೆ ಅಂತ ಗೊತ್ತಾಗುವುದರೊಳಗೆ ವರ್ಷ ಮುಗಿಯುತ್ತದೆ. ಸ್ಥಾಯಿ ಸಮಿತಿಗಳದೂ ಅದೇ ಕಥೆ. ಕಮಿಷನರ್ ಸರಕಾರ ಕಳಿಸಿದವರು, ಅವರು ಯಾವಾಗ ಹೋಗುತ್ತಾರೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ನೀರಿಗೆ ಒಂದು ಸಂಸ್ಥೆ, ಬಸ್ಸಿಗೆ ಇನ್ನೊಂದು ಕಂಪನಿ, ಬಡಾವಣೆಗೆ ಮತ್ತೊಂದು ಪ್ರಾಧಿಕಾರ. ರಸ್ತೆ ಅಗೆದವರು ಮುಚ್ಚುವವರಲ್ಲ, ಮುಚ್ಚುವವರು ಡಾಂಬರು ಹಾಕುವವರಲ್ಲ. ಹೀಗಾಗಿ ನಮ್ಮ ಕಾರ್ಪೊರೇಟರನ್ನು ಬೈಯುವಾಗ ನನಗೆ ನಾಲಿಗೆ ತಡೆಯುತ್ತದೆ. ಅವರ ಕೈಯಲ್ಲಿ ಇರುವುದೇ ಸ್ವಲ್ಪ.

ಪ್ರತ್ಯೇಕ ಪಾಲಿಕೆ ಬೇಕು ಅಂತ ಧಾರವಾಡದವರು ವರ್ಷಗಟ್ಟಲೆ ಧರಣಿ ಕೂತರು, ಸಹಿ ಸಂಗ್ರಹಿಸಿದರು. ನಾನೂ ಸಹಿ ಹಾಕಿದ್ದೇನೆ. 2025ರ ಜನವರಿ 2ರಂದು ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಒಪ್ಪಿತು. ಆ ಸಂಜೆ ಜುಬಿಲಿ ಸರ್ಕಲ್ ಕಡೆ ಹೋಗಿದ್ದ ನಮ್ಮ ಮನೆಯವರು ಲೈನ್ ಬಝಾರಿನಿಂದ ಪೇಡೆ ತಂದಿದ್ದರು. ತಿಂದೆವು. ಖುಷಿಪಟ್ಟೆವು. ಖುಷಿಪಟ್ಟದ್ದು ತಪ್ಪಲ್ಲ.

ಆದರೆ ಮರುದಿನ ಬೆಳಿಗ್ಗೆ ಲೆಕ್ಕಕ್ಕೆ ಕೂತಾಗ ನನಗೆ ಭಯವೂ ಆಯಿತು. ಧಾರವಾಡದ ದೊಡ್ಡ ದೊಡ್ಡ ಜಾಗ ಯಾರವು? ವಿಶ್ವವಿದ್ಯಾಲಯಗಳವು, ಕಾಲೇಜುಗಳವು, ಸರಕಾರಿ ಕಚೇರಿಗಳವು. ಇವುಗಳಿಂದ ಪಾಲಿಕೆಗೆ ಬರುವ ಕರ ಹುಬ್ಬಳ್ಳಿಯ ಮಾರುಕಟ್ಟೆ, ಗೋದಾಮು, ಹೋಟೆಲುಗಳಿಂದ ಬರುವಷ್ಟು ಎಂದೂ ಆಗದು. ಬೇರೆಯಾದ ಮೇಲೆ ನಮ್ಮ ಗಟಾರಕ್ಕೆ ನಮ್ಮದೇ ರೊಕ್ಕ. ಬೆಂಗಳೂರಿನಿಂದ ಅನುದಾನ ಬರದಿದ್ದರೆ ಸಂಬಳ ಕೊಡುವುದೇ ಕಷ್ಟವಾಗಬಹುದು. ಹಾಗಾದರೆ ಬೇಡವೇ? ಬೇಕು, ಖಂಡಿತ ಬೇಕು. ಕರ ಹೆಚ್ಚು ಕೊಡಲು ನಾನು ಸಿದ್ಧ, ನನ್ನ ಓಣಿಯ ಬಹಳ ಜನ ಸಿದ್ಧರಿದ್ದಾರೆ. ನಮ್ಮ ಷರತ್ತು ಒಂದೇ: ಆ ರೊಕ್ಕ ಎಲ್ಲಿ ಹೋಯಿತು ಅಂತ ನಮ್ಮ ಓಣಿಯಲ್ಲೇ ಕೂತು ಕೇಳಲು ಬರಬೇಕು.

ಅದಕ್ಕೆ ಕಾನೂನು ಇದೆ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರ ದಾರಿಯಲ್ಲೇ ಕರ್ನಾಟಕದ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಗಿ ವಾರ್ಡು ಸಮಿತಿ, ಪ್ರದೇಶ ಸಭೆ ಅನ್ನುವ ವ್ಯವಸ್ಥೆ ಸೇರಿತು. ಕಾರ್ಪೊರೇಟರ್ ಅಧ್ಯಕ್ಷರು, ಹೆಂಗಸರು, ಪರಿಶಿಷ್ಟರು, ನಿವಾಸಿಗಳ ಸಂಘದವರು ಸದಸ್ಯರು. ತಿಂಗಳಿಗೊಮ್ಮೆ ಸೇರಬೇಕು, ವಾರ್ಡಿನ ಕೆಲಸದ ಪಟ್ಟಿ ಮಾಡಬೇಕು, ಖರ್ಚು ನೋಡಬೇಕು. ಹುಬ್ಬಳ್ಳಿಯಿಂದ ಬಿಡಿಸಿಕೊಳ್ಳಲು ನಾವು ಪಟ್ಟ ಕಷ್ಟದ ಅರ್ಧದಷ್ಟನ್ನಾದರೂ ಈ ಸಮಿತಿಗಳಿಗೆ ಜೀವ ತುಂಬಲು ಪಟ್ಟಿದ್ದರೆ? ನಾವು ಮಾತಾಡುವುದಿಲ್ಲ ಅಂದೆನಲ್ಲ, ಆ ಉಳಿದರ್ಧ ಸತ್ಯ ಇದು. ಅಧಿಕಾರ 20 ಕಿಲೋಮೀಟರ್ ದೂರದಿಂದ 2 ಕಿಲೋಮೀಟರ್ ದೂರಕ್ಕೆ ಬಂದ ಮಾತ್ರಕ್ಕೆ ನನ್ನ ಓಣಿಗೆ ಬಂದಂತಲ್ಲ.

ಸಪ್ತಾಪುರದ ಕಡೆ ಹೋದಾಗ ಈ ವಿಚಾರ ಇನ್ನೂ ಕಾಡುತ್ತದೆ. ಪೊಲೀಸು, ಶಿಕ್ಷಕ, ಕೆಎಎಸ್ ಪರೀಕ್ಷೆಗೆ ಓದಲು ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಮಕ್ಕಳು ಬಂದು ಅಲ್ಲಿ, ಜಯನಗರದಲ್ಲಿ, ಶ್ರೀನಗರ ಸರ್ಕಲ್ಲಿನ ಸುತ್ತ ಉಳಿದಿದ್ದಾರೆ. ಎರಡು ಖೋಲಿಯ ಮನೆಯಲ್ಲಿ ಎಂಟು ಹುಡುಗರು. ರಾತ್ರಿ ಹನ್ನೆರಡಕ್ಕೂ ಓದುವ ಕೊಠಡಿಯ ದೀಪ ಉರಿಯುತ್ತಿರುತ್ತದೆ. ಕಟ್ಟೆಯ ಮೇಲೆ ಜೋಳದ ರೊಟ್ಟಿಯ ಗಂಟು. ಊರಿನಿಂದ ಅವ್ವ ಬಸ್ಸಿನಲ್ಲಿ ಕಳಿಸಿದ್ದು. ನಾನು ಸಾಲಿಯಲ್ಲಿ ಕಲಿಸಿದ ಒಬ್ಬ ಹುಡುಗನ ಮಗ ಅಲ್ಲಿದ್ದಾನೆ, ನೋಡಲು ಹೋಗಿದ್ದೆ. ಟ್ಯಾಂಕರ್ ನೀರು, ಒಂದೇ ಬಚ್ಚಲು, ಮೆಟ್ಟಿಲ ಕೆಳಗೆ ಅಡಿಗೆ. ‘ಅಜ್ಜೀರ, ನೇಮಕಾತಿ ಕರದರ ಸಾಕು, ಉಳದದ್ದು ನಡೀತೈತ್ರೀ’ ಅಂದ. ಆ ಮಕ್ಕಳ ಹೆಸರು ಯಾವ ವಾರ್ಡಿನ ಮತದಾರರ ಪಟ್ಟಿಯಲ್ಲೂ ಇಲ್ಲ. ಅವರ ಮತ ಸಿಂದಗಿಯಲ್ಲಿ, ಕುಷ್ಟಗಿಯಲ್ಲಿ, ರಾಮದುರ್ಗದಲ್ಲಿ. ಹಾಗಾಗಿ ಅವರ ಕಸಕ್ಕೆ, ಅವರ ನೀರಿಗೆ ಕೇಳುವವರಿಲ್ಲ. ನಮ್ಮ ಖಾನಾವಳಿ, ಪುಸ್ತಕದಂಗಡಿ, ಬಾಡಿಗೆ ಮನೆ ಎಲ್ಲ ಇವರ ಮೇಲೆ ನಡೆಯುತ್ತವೆ. ನಾಳೆ ಧಾರವಾಡದ ಪಾಲಿಕೆ ಕಟ್ಟುವವರು ಮೊದಲು ಎಣಿಸಬೇಕಾದದ್ದು ಈ ಮಕ್ಕಳನ್ನು.

ಗಟಾರದ ಮಾತಿಗೆ ಬರುತ್ತೇನೆ ಅಂದಿದ್ದೆನಲ್ಲ. ಎರಡು ವರ್ಷದ ಹಿಂದೆ ನಮ್ಮ ಓಣಿಗೆ ಹೊಸ ಕಾಂಕ್ರೀಟ್ ಗಟಾರ ಕಟ್ಟಿದರು. ಹಳೆಯದು ಕಲ್ಲಿನದು, ಫರಸಿ ಮುಚ್ಚಿದ್ದು, ಬಾಗಿ ಬಾಗಿ ಹೋಗುತ್ತಿತ್ತು. ಅದನ್ನು ಒಡೆದು ನೆಟ್ಟಗೆ, ನುಣುಪಾಗಿ ಹೊಸದನ್ನು ಮಾಡಿದರು. ನೋಡಿ ಸಂತೋಷವಾಯಿತು. ಮಿರಗದ ಮೊದಲ ಮಳೆಗೆ ಅದು ತುಂಬಿ ನಿಂತಿತು. ಎರಡನೆಯ ಮಳೆಗೆ ನೀರು ನಮ್ಮ ಕಟ್ಟೆ ಹತ್ತಿ ಪಡಸಾಲೆಗೆ ಬಂತು. ದೇವರ ಖೋಲಿಯ ಹೊಸ್ತಿಲಿಗೆ ಬಟ್ಟೆ ಒಡ್ಡಿ ಕೂತೆ. ನಮ್ಮ ಮನೆಯ ಮೂಲೆಯಿಂದ ಕೆಳಗಿನ ದೊಡ್ಡ ಗಟಾರದವರೆಗೆ ಎರಡು ತಿಂಗಳು ನೀರು ನಿಂತೇ ಇತ್ತು, ಸೊಳ್ಳೆ ಎದ್ದವು, ಪಕ್ಕದ ಮನೆಯ ಕೂಸಿಗೆ ಡೆಂಗಿ ಆಯಿತು. ಅರ್ಜಿ ಕೊಟ್ಟೆವು. ಕೇಳಿದವರೆಲ್ಲ ಒಂದೇ ಉತ್ತರ ಕೊಟ್ಟರು: ಮಳಿ ಜಾಸ್ತಿ ಆಗೈತ್ರೀ, ಕಸ ಸಿಕ್ಕೊಂಡಿರತೈತಿ.

ನಮ್ಮ ಮನೆಯ ಮಾಳಿಗೆ ದುರಸ್ತಿಗೆ ಬರುವ ಗೌಂಡಿ ಒಬ್ಬರಿದ್ದಾರೆ. ಒಂದು ದಿನ ಚಹಾ ಕುಡಿಯುತ್ತ ಗಟಾರ ನೋಡಿದವರು, ಲೋಟ ಕಟ್ಟೆಯ ಮೇಲಿಟ್ಟು ಚೀಲದಿಂದ ಪಾರದರ್ಶಕ ಪೈಪು ತೆಗೆದರು. ನಮ್ಮ ಕಡೆ ಗೌಂಡಿಗಳು ಮಟ್ಟ ನೋಡುವುದು ಹಾಗೆಯೇ: ಪೈಪಿನಲ್ಲಿ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಒಂದು ತುದಿ ನನ್ನ ಕೈಗೆ ಕೊಟ್ಟು, ‘ಅಲುಗಾಡಿಸಬ್ಯಾಡ್ರೀ ಅಕ್ಕಾರ’ ಅಂದು ಇನ್ನೊಂದು ತುದಿ ಹಿಡಿದು ಓಣಿಯ ಕೊನೆಗೆ ನಡೆದರು. ಒಳಗೊಂದು ಗುಳ್ಳೆ ಸಿಕ್ಕಿತ್ತು, ಬೆರಳಿನಿಂದ ತಟ್ಟಿ ತಟ್ಟಿ ಬಿಡಿಸಿದರು. ಎರಡೂ ಕಡೆ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಗೆರೆಯಿಂದ ಗಟಾರದ ತಳಕ್ಕೆ ಅಳತೆಪಟ್ಟಿ ಇಳಿಬಿಟ್ಟೆವು. ನಮ್ಮ ಮನೆ ಮುಂದೆ ಆಳ ಹೆಚ್ಚು. ನೀರು ಹೊರಹೋಗಬೇಕಾದ ತುದಿಯಲ್ಲಿ ತಳ ನಾಲ್ಕು ಬೆರಳು ಮೇಲಿತ್ತು.

‘ಗಟಾರ ಏರಿಗೆ ಹತ್ತೈತ್ರೀ ಅಕ್ಕಾರ. ನೀರು ಹೆಂಗ ಹತ್ತಬೇಕು?’ ಅಂದರು.

ಎರಡು ಸಮುದ್ರಕ್ಕೆ ನೀರು ಹಂಚುವ ದಿಬ್ಬದ ಮೇಲೆ ನಿಂತು, ಕೈಯಲ್ಲಿ ಆ ಪೈಪು ಹಿಡಿದು, ನನಗೆ ಅಳು ಬಂತು. ನಾಲ್ಕು ಬೆರಳು. ಕಟ್ಟುವ ದಿನ ಯಾರಾದರೂ ಇದೇ ಪೈಪು ಹಿಡಿದು ನೋಡಿದ್ದರೆ ಸಾಕಿತ್ತು. ಅರ್ಜಿಯಲ್ಲಿ ಬರೆದು ಬರೆದು ಅರ್ಥವಾಗದ ಸಂಗತಿ ಸೀಮೆಸುಣ್ಣದ ಎರಡು ಗೆರೆಗಳಲ್ಲಿ ಕಣ್ಣಿಗೆ ಕಾಣುತ್ತಿತ್ತು. ಆ ಗೆರೆಗಳನ್ನು ಅಳಿಸಲು ನಾವು ಬಿಡಲಿಲ್ಲ. ಓಣಿಯ ಹೆಂಗಸರು ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಕಾರ್ಪೊರೇಟರ್ ಅವರನ್ನು ಮನೆಗೆ ಕರೆದೆವು, ಬೈಯಲಿಲ್ಲ, ಅವಲಕ್ಕಿ ಕೊಟ್ಟೆವು, ಆಮೇಲೆ ಪೈಪಿನ ಒಂದು ತುದಿ ಅವರ ಕೈಗೇ ಕೊಟ್ಟೆವು. ಅವರು ಬಗ್ಗಿ, ಅಳತೆಪಟ್ಟಿ ಇಳಿಬಿಟ್ಟು, ಎರಡು ಸಲ ನೋಡಿದರು. ‘ನನಗ ಇದನ್ನ ಯಾರೂ ತೋರಿಸಿರಲಿಲ್ಲರೀ’ ಅಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ.

ಕೆಳಗಿನ ಮೂವತ್ತು ಅಡಿ ಒಡೆದು ಮತ್ತೆ ಕಟ್ಟಿದರು. ಈ ಸಲ ಕೆಲಸ ನಡೆದ ಎರಡೂ ದಿನ ಓಣಿಯವರು ಪಾಳಿ ಹಚ್ಚಿ ಕೂತಿದ್ದರು, ಗೌಂಡಿ ಬೆಳಿಗ್ಗೆ ಸಂಜೆ ಬಂದು ಮಟ್ಟ ನೋಡಿ ಹೋದರು, ಕೂಲಿ ಕೊಟ್ಟರೂ ತೆಗೆದುಕೊಳ್ಳಲಿಲ್ಲ. ಈ ವರ್ಷ ಮಿರಗ ತಡವಾಗಿ ಬಂತು. ಸಂಜೆ ಆರಕ್ಕೆ ಶುರುವಾದ ಮಳೆ ರಾತ್ರಿ ಒಂಬತ್ತಾದರೂ ಬಿಡಲಿಲ್ಲ. ಛತ್ರಿ ಹಿಡಿದು ಕಟ್ಟೆಯ ಮೇಲೆ ನಿಂತೆವು, ಎದುರುಮನೆಯ ಹುಡುಗಿ ಬ್ಯಾಟರಿ ಹಾಕಿ ಹಿಡಿದಳು. ಎಲೆ, ಕಡ್ಡಿ, ಯಾರದೋ ಚಪ್ಪಲಿ ತೇಲಿಸಿಕೊಂಡು ನೀರು ಸರಸರ ಇಳಿದು ಹೋಯಿತು.

ಮರುದಿನ ಬೆಳಿಗ್ಗೆ ಕೆಳಗಿನ ಓಣಿಯ ಇಬ್ಬರು ಹೆಂಗಸರು ಬಂದಿದ್ದರು. ಒಳಗೆ ಬರ್ರಿ ಅಂದೆ, ಬರಲಿಲ್ಲ, ಸೀರೆಯ ನಿರಿಗೆ ಒದ್ದೆಯಾಗಿತ್ತು. ಅವರ ಪಡಸಾಲೆಯಲ್ಲಿ ಇನ್ನೂ ನೀರು ನಿಂತಿತ್ತಂತೆ.

‘ಅಕ್ಕಾರ, ಆ ಗೌಂಡಿಯವರ ಪೈಪ್ ಒಂದಿನ ಸಿಗತೈತೇನ್ರೀ?’